ಉಬ್ಬಸದ ಔಷಧವೆಂದು ಹೇಳಿದವಳು ನಾನು

ನನ್ನ ತಮ್ಮನ ಹೆಂಡತಿ ವಿನುತಾ ಅವನ ಬಾಯಿಗೆ ಆ ಔಷಧ ಹಿಡಿದಾಗ ನಾನು ಅಲ್ಲೇ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಲ್ಲ, ಆದರೆ ಕೂಗಿದರೆ ಖಂಡಿತ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಅವನಿಗೆ ಅದು ಔಷಧವಲ್ಲ, ವಿಷ ಎನ್ನುವುದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ‘ಬೇಡ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು — ನಾನು ಅನ್ನಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ, ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ, ಬಾಯಿ ಬಿಟ್ಟೆ. ಅದು ಇನ್ನೂ ದೊಡ್ಡ ಪಾಪ.

ಇದನ್ನು ಓದುವ ನೀವು ನನ್ನನ್ನು ಕ್ಷಮಿಸಬೇಕು ಎಂದು ಬರೆಯುತ್ತಿಲ್ಲ. ನೀವು ಯಾರು ಕ್ಷಮಿಸಲಿಕ್ಕೆ? ನನ್ನ ಮಾತನ್ನು ನಂಬಿದವರು ನಮ್ಮ ಕಡೆ ತುಂಬ ಜನ ಇದ್ದಾರೆ. ನಂಬಿದವರು ಮತ್ತೊಬ್ಬರಿಗೆ ಹೇಳಿದ್ದಾರೆ, ಅವರು ಇನ್ನೊಬ್ಬರಿಗೆ. ಸುಳ್ಳು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ನಿಜವೂ ಹೋಗಲಿ ಎಂದು ಬರೆಯುತ್ತಿದ್ದೇನೆ.

ಸಾಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಚ್ಚಾಗಿ ಮದುವೆಯ ಬ್ಲೌಸುಗಳು. ಹುಡುಗಿಯ ಒಂದು ಭುಜ ಇಳಿದಿದ್ದರೆ ಆ ಕಡೆಗೆ ತೆಳ್ಳಗೆ ಪ್ಯಾಡ್ ಇಟ್ಟು ಹೊಲಿಯುತ್ತೇನೆ, ಮಂಟಪದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜನ ಇದನ್ನು ಕೈಚಳಕ ಎನ್ನುತ್ತಾರೆ. ಕೊರತೆಯನ್ನು ಮುಚ್ಚುವುದು ಮೋಸವಲ್ಲ, ಉಪಕಾರ ಎಂದು ಇಷ್ಟು ವರ್ಷ ನಂಬಿ ಬದುಕಿದವಳು ನಾನು. ಗಂಡ ತೀರಿಕೊಂಡ ಮೇಲೆ ಈ ಅಂಗಡಿಯೇ ನನ್ನ ಸಂಸಾರ. ಅದು ಬಿಟ್ಟರೆ ನನಗಿರುವವನು ಒಬ್ಬನೇ ತಮ್ಮ, ಸುಧಾಕರ. ರಿಪ್ಪನ್‌ಪೇಟೆಯಲ್ಲಿ ಫ್ರಿಜ್ಜು, ಮಿಕ್ಸಿ ರಿಪೇರಿ ಮಾಡುತ್ತಾನೆ. ಅಮ್ಮ ಹೋದಾಗ ಅವನು ಇನ್ನೂ ಐಟಿಐ ಓದುತ್ತಿದ್ದ. ಅದೇ ವರ್ಷ ಸೊರಗಿ ಕಡ್ಡಿಯಾದ, ನೀರು ಕುಡಿದಷ್ಟೂ ಬಾಯಾರಿಕೆ ಎನ್ನುತ್ತಿದ್ದ. ಪರೀಕ್ಷೆ ಮಾಡಿಸಿದರೆ ಶುಗರ್. ಮುದುಕರಿಗೆ ಬರುವಂಥದ್ದಲ್ಲ, ಎಳೆಯರಿಗೆ ಬಂದು ಬದುಕಿರುವ ತನಕ ಇನ್ಸುಲಿನ್ ಬೇಡುವಂಥದ್ದು. ಅಂದಿನಿಂದ ಮೂರು ಹೊತ್ತಿನ ಊಟಕ್ಕೂ ಒಂದೊಂದು ಸೂಜಿ, ರಾತ್ರಿಯದು ಬೇರೆ.

ನಮ್ಮ ಕಡೆ ಈಗ ಗಂಡುಮಕ್ಕಳಿಗೆ ಹುಡುಗಿ ಸಿಗುವುದು ಎಷ್ಟು ಕಷ್ಟ ಎಂದು ನಾನು ಹೇಳಬೇಕಾಗಿಲ್ಲ. ಮೈಯಲ್ಲಿ ಏನೂ ಕೊರತೆ ಇಲ್ಲದವರೇ ಕಾದು ಕೂತಿದ್ದಾರೆ, ಇನ್ನು ಸೂಜಿ ಚುಚ್ಚಿಕೊಳ್ಳುವವನಿಗೆ... ಮೊದಮೊದಲು ನಾವು ಇದ್ದದ್ದನ್ನು ಇದ್ದಂತೆ ಹೇಳಿದೆವು. ಬಂದವರು ತಿಂಡಿ ತಿಂದು, ‘ತಿಳಿಸ್ತೀವಿ’ ಎಂದು ಹೋದರು. ಯಾರೂ ತಿಳಿಸಲಿಲ್ಲ. ಹೊಸನಗರದ ಕಡೆಯ ಒಬ್ಬಾಕೆ ಮಾತ್ರ ಫೋನ್ ಮಾಡಿ, “ಹುಡ್ಗ ಚಿನ್ನದಂಥೋನು ಮಾರಾಯ್ತಿ. ಆದ್ರೆ ನಾಳೆ ಎಂತಾದ್ರೂ ಆದ್ರೆ ನಮ್ ಹುಡ್ಗಿ ಗತಿ ಎಂತ?” ಎಂದರು. ಆಕೆ ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟು ಬಂತು. ಈಗ ಅವರ ಮೇಲೆ ಗೌರವ ಬಂದಿದೆ.

ಆಮೇಲೆ ಆ ಹೊಸ ಔಷಧ ಬಂತು. ಶಿವಮೊಗ್ಗದ ಡಾಕ್ಟರು ಸುಧಾಕರನಿಗೆ ಒಂದು ಕೊಳವೆಯಲ್ಲಿ ಜೋರಾಗಿ ಊದಿಸಿ ಶ್ವಾಸಕೋಶ ಗಟ್ಟಿಯಿದೆಯೇ ಎಂದು ನೋಡಿದರು. ಉಬ್ಬಸವಿದೆಯೇ, ಬೀಡಿ ಸಿಗರೇಟು ಸೇದುತ್ತೀಯಾ ಎಂದು ಕೇಳಿದರು. ಎರಡೂ ಇಲ್ಲ ಎಂದ ಮೇಲೆ, ಊಟದ ಹೊತ್ತಿನ ಸೂಜಿಯ ಬದಲು ಇದನ್ನು ಕೊಡಬಹುದು ಎಂದರಂತೆ. ಇನ್ಸುಲಿನ್ನೇ, ಆದರೆ ಪುಡಿ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣ ಸಾಧನ. ಅದರೊಳಗೆ ಪುಡಿ ತುಂಬಿದ ಒಂದು ಪುಟ್ಟ ಬಣ್ಣದ ಗುಂಡು ಇಟ್ಟು, ಮುಚ್ಚಿ, ಬಾಯಿಗಿಟ್ಟು ಒಮ್ಮೆ ಉಸಿರು ಒಳಗೆ ಎಳೆದುಕೊಂಡರೆ ಮುಗಿಯಿತು. ರಾತ್ರಿಯ ಸೂಜಿ ಮಾತ್ರ ಬಿಡುವಂತಿಲ್ಲ. ಸುಧಾಕರ ಅದನ್ನು ನೇರ ನನ್ನ ಅಂಗಡಿಗೇ ತಂದು ತೋರಿಸಿದ. “ನೋಡಕ್ಕ, ಇನ್ನು ಹೊಟ್ಟೆ ತುಂಬ ತೂತು ಮಾಡ್ಕೊಳ್ಳೋದು ತಪ್ತು” ಎಂದು ಚಿಕ್ಕ ಹುಡುಗನ ಹಾಗೆ ನಕ್ಕ.

ನನಗೂ ಸಂತೋಷವಾಯಿತು ಎಂದು ಬರೆಯಬೇಕು. ಆಯಿತು ಕೂಡ. ಆದರೆ ನಿಜ ಹೇಳುತ್ತೇನೆ — ನನ್ನ ಮೊದಲ ಯೋಚನೆ ಅವನ ಹೊಟ್ಟೆಯದಲ್ಲ. ಇದು ನೋಡಲಿಕ್ಕೆ ಥೇಟು ಉಬ್ಬಸದವರ ಪಫ್ ಇದ್ದ ಹಾಗಿದೆ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ — ಇದೇ ನನ್ನ ಮೊದಲ ಯೋಚನೆ.

ಉಬ್ಬಸ ಇದ್ದವರು ಆ ಔಷಧವನ್ನು ಮುಟ್ಟಲೇಬಾರದು. ಡಾಕ್ಟರು ಅಷ್ಟು ಒತ್ತಿ ಹೇಳಿ ಕಳಿಸಿದ್ದರು. ಯಾವ ಕಾಯಿಲೆಯವರಿಗೆ ಅದನ್ನು ಕೊಡಬಾರದೋ ಆ ಕಾಯಿಲೆಯ ಹೆಸರನ್ನೇ ನಾನು ಅದಕ್ಕೆ ಇಟ್ಟೆ. ಧೂಳಿನ ಉಬ್ಬಸ ಎಂದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಮೂರು ಮನೆಗೊಬ್ಬರಿಗೆ ಇದ್ದೇ ಇರುತ್ತದೆ. ಹಳೇ ಫ್ರಿಜ್ಜು ಬಿಚ್ಚುವವನಿಗೆ ಉಬ್ಬಸ ಬರದೆ ಇನ್ನೇನು ಬರುತ್ತದೆ! ಪುಡಿ ಎಳೆದುಕೊಂಡ ಮೇಲೆ ಅವನಿಗೆ ಒಂದೆರಡು ಸಲ ಕೆಮ್ಮು ಬರುತ್ತಿತ್ತು. ಆ ಕೆಮ್ಮೂ ನನ್ನ ಸುಳ್ಳಿಗೆ ಸಾಕ್ಷಿ ನುಡಿಯಿತು.

ವಿನುತಾಳ ಚಿಕ್ಕಮ್ಮ ನನ್ನ ಗಿರಾಕಿ. ಅವರಿಂದಲೇ ಸಂಬಂಧ ಕೂಡಿ ಬಂದದ್ದು. ತೀರ್ಥಹಳ್ಳಿ ಪೇಟೆಗೆ ಹೊರಗಾಗಿ, ಬಸ್ಸು ನಿಲ್ಲುವ ಜಾಗದ ಎದುರಿಗೇ ಅವರ ಮನೆ. ತಾಯಿಯಿಲ್ಲದ ಹುಡುಗಿ. ಅವಳ ತಂದೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಬಿಟ್ಟವರು, ಮನೆಯಲ್ಲಿ ಒಂದು ಹಸು ಕಟ್ಟಿಕೊಂಡಿದ್ದರು. ಹೆಣ್ಣು ನೋಡಲು ಹೋದ ದಿನ ಅವರು ಸುತ್ತಿ ಬಳಸಿ ಮಾತಾಡಲಿಲ್ಲ.

“ಹುಡುಗಂಗೆ ಎಂತಾದ್ರೂ ಕಾಯ್ಲೆ ಕಸಾಲೆ ಇದ್ರೆ ಈಗ್ಲೇ ಹೇಳ್ಬಿಡಿ. ಇದ್ರೆ ಕೊಡಲ್ಲ ಅಂತಲ್ಲ. ಗೊತ್ತಿದ್ದು ಕೊಡ್ತೀವಿ, ಅಷ್ಟೇ. ನನ್ ಮಗಳು ನನ್ನತ್ರ ಒಂದು ಮಾತು ಮುಚ್ಚಿಡೋಳಲ್ಲ, ನಾನೂ ಅವಳತ್ರ ಮುಚ್ಚಿಡಲ್ಲ. ಈ ಮನೇಲಿ ಹಂಗೇ ನಡ್ಕೊಂಡು ಬಂದಿದೆ.”

ಗೊತ್ತಿದ್ದು ಕೊಡ್ತೀವಿ — ಇದಕ್ಕಿಂತ ದೊಡ್ಡ ಬಾಗಿಲನ್ನು ಯಾರು ತೆರೆದಾರು? ಸುಧಾಕರ ನನ್ನ ಮುಖ ನೋಡಿದ. ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ಅವನು ಹೇಳಿಬಿಡುತ್ತಾನೆ ಎಂದು ಹೆದರಿ ನಾನೇ ಮುಂದಾದೆ. “ಎಂತೂ ಇಲ್ಲ. ಧೂಳು ಆಗ್ಬರಲ್ಲ, ಸ್ವಲ್ಪ ಉಬ್ಬಸ. ಪಫ್ ಇಟ್ಕೊಂಡಿದ್ದಾನೆ” ಎಂದೆ. ಅವರು, “ಅಷ್ಟೇಯಾ, ಅದೆಂತ ಕಾಯ್ಲೆ” ಎಂದು ನಕ್ಕರು. ಬಾಗಿಲ ಮರೆಯಲ್ಲಿದ್ದ ಹುಡುಗಿಯೂ ನಕ್ಕಿರಬೇಕು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವನು, “ಅಕ್ಕ, ಮದ್ವೆಗೆ ಮುಂಚೆ ಅವಳಿಗೊಬ್ಬಳಿಗಾದ್ರೂ ಹೇಳ್ತೀನಿ” ಎಂದ. ನಾನು ಅಮ್ಮನ ಆಣೆ ಹಾಕಿದೆ. ಸತ್ತವಳನ್ನೂ ಬಿಡಲಿಲ್ಲ ನಾನು. ಮೊದಲ ದೀಪಾವಳಿ ಮುಗಿಯಲಿ, ಅಳಿಯ ಎಂದು ಒಂದು ಸಲ ಊರೆಲ್ಲ ಒಪ್ಪಿಕೊಳ್ಳಲಿ, ಆಮೇಲೆ ನೀನೇ ಹೇಳು ಎಂದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಲ್ಲವೇ, ನಾನು ಹೇಳಿದ್ದು ಒಂದೇ — ಹೀಗೆ ಅವನನ್ನು ನಗಿಸಲಿಕ್ಕೂ ನೋಡಿದೆ. ಅವನು ನಗಲಿಲ್ಲ. ಆದರೆ ಒಪ್ಪಿಕೊಂಡ. ಅಕ್ಕ ಹೇಳಿದ್ದನ್ನು ಮೀರದವನು ಎಂದು ನಾನು ಎಲ್ಲರೆದುರು ಹೊಗಳುತ್ತಿದ್ದದ್ದು ಇದನ್ನೇ.

ಮದುವೆಯಾಯಿತು. ರಾತ್ರಿಯ ಸೂಜಿಯನ್ನು ಅವನು ಅಂಗಡಿಯಲ್ಲೇ ಮುಗಿಸಿ ಮನೆಗೆ ಹೋಗುತ್ತಿದ್ದ. ರಿಪೇರಿಯವನ ಹತ್ತಿರ ಫ್ರಿಜ್ಜಿಗೇನು ಬರ, ಔಷಧವೆಲ್ಲ ಅಲ್ಲೇ ಇರುತ್ತಿತ್ತು. ಪುಡಿಯ ಗುಂಡುಗಳನ್ನು ಮಾತ್ರ ಪೊಟ್ಟಣದಿಂದ ತೆಗೆದು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದ. ವಿನುತಾ ಹಾಡು, ನಗೆ ಎಂದರೆ ಮುಂದೆ ಇರುವ ಹುಡುಗಿ. “ಊಟ ಕಂಡ್ರೇ ಉಬ್ಬಸ ಬರುತ್ತಲ್ಲ ನಿಮ್ಗೆ, ನನ್ ಅಡುಗೆ ಅಷ್ಟು ಕೆಟ್ಟದಾ?” ಎಂದು ಗಂಡನನ್ನು ಕಾಡುತ್ತಿದ್ದಳಂತೆ. ಒಂದು ದಿನ ನನಗೆ ಫೋನ್ ಮಾಡಿದಳು. ನನ್ನನ್ನು ಅವಳೂ ಅಕ್ಕ ಎಂದೇ ಕರೆಯುತ್ತಿದ್ದಳು.

“ಅಕ್ಕ, ಅವ್ರ ಪಫ್‌ಗೆ ಗುಂಡು ಹಾಕೋಕೆ ನಂಗೂ ಬರುತ್ತೆ ಈಗ. ನೋಡ್ಕೊಂಡು ಕಲ್ತೆ. ಎಂತಾದ್ರೂ ಆದ್ರೆ ನಾನೇ ಕೊಡಬಹುದಲ್ಲ.”

ನಾನು ಏನು ಹೇಳಬೇಕಿತ್ತು? ಆ ಕ್ಷಣವೇ ಬಸ್ಸು ಹತ್ತಿ ಹೋಗಿ ಅವಳನ್ನು ಕೂರಿಸಿಕೊಂಡು, ‘ತಾಯೀ, ಎಂತಾದ್ರೂ ಆದಾಗ ಅದನ್ನು ಮಾತ್ರ ಕೊಡಬೇಡ, ಸಕ್ಕರೆ ಕೊಡು’ ಎನ್ನಬೇಕಿತ್ತು. “ಒಳ್ಳೇದಾಯ್ತು ಮಗಾ” ಎಂದೆ. ಎಂದು, ಮತ್ತೆ ಹೊಲಿಗೆ ಮಿಷನ್ ತುಳಿದೆ.

ದೀಪಾವಳಿಯನ್ನು ನಾವು ದೊಡ್ಡಹಬ್ಬ ಎನ್ನುತ್ತೇವೆ. ಹೊಸ ಅಳಿಯನಿಗೆ ಮಾವನ ಮನೆಯಲ್ಲಿ ಅಂದು ರಾಜೋಪಚಾರ. ನನ್ನನ್ನೂ ಕರೆದಿದ್ದರು. ಚಿಕ್ಕಮ್ಮನ ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿ ಮನೆ ತುಂಬಿತ್ತು. ಅಳಿಯನಿಗೆ ಎಣ್ಣೆಸ್ನಾನ ಮಾಡಿಸಿ ಹೊಸ ಪಂಚೆ, ಶಲ್ಯ ಕೊಟ್ಟರು. ಊಟಕ್ಕೆ ಎಲೆ ಹಾಕಿದ್ದನ್ನು ನೋಡಿ ಸುಧಾಕರ ಬಚ್ಚಲಿಗೆ ಹೋಗಿ ಪುಡಿ ಎಳೆದುಕೊಂಡು ಬಂದ. ಹೋಳಿಗೆ ಊಟವಲ್ಲವೇ, ಎಂದಿಗಿಂತ ಹೆಚ್ಚು ಪುಡಿಯ ಗುಂಡನ್ನೇ ಹಾಕಿಕೊಂಡಿದ್ದ. ಆ ಔಷಧ ಸೂಜಿಗಿಂತ ಬೇಗ ಕೆಲಸ ಶುರು ಮಾಡುತ್ತದೆ. ಎಳೆದುಕೊಂಡ ಮೇಲೆ ತಡ ಮಾಡದೆ ಉಣ್ಣಬೇಕು.

ಅವನು ಎಲೆಯ ಮುಂದೆ ಕೂರಲು ಬಗ್ಗಿದಾಗ ಮಾವ ತಡೆದರು. “ಎಲೆ ಹಾಕಿದ್ದು ಇರ್ಲಿ. ಗೋಪೂಜೆ ಆಗದೆ ಯಾರಿಗೂ ಊಟ ಇಲ್ಲ. ಈ ವರ್ಷ ಹೊಸ ಅಳಿಯನ ಕೈಲೇ ಆಗ್ಬೇಕು, ಬನ್ನಿ ಬನ್ನಿ.”

ಹಬ್ಬದ ದಿನ ಹಸುವಿಗಿಂತ ಮೊದಲು ತನಗೆ ಬಡಿಸಿ ಎಂದು ಯಾವ ಅಳಿಯ ಕೇಳಿಯಾನು? ಸುಧಾಕರ ನನ್ನತ್ತ ನೋಡಿದ. ನಾನು ಕಣ್ಣಲ್ಲೇ ‘ಹೋಗು, ಬೇಗ ಮುಗಿಸು’ ಎಂದೆ. ಪೂಜೆಯೇನೋ ಬೇಗ ಮುಗಿಯುತ್ತಿತ್ತು. ಆದರೆ ಕರು, ಕೊರಳಿಗೆ ಹಾಕಿದ ಹೂವಿನ ಹಾರ ಕಂಡು ಬೆದರಿ, ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿತು. ಮಕ್ಕಳು ಮರಿ ಎಲ್ಲ ಹೋ ಎಂದು ಹಿಂದೆ ಬಿದ್ದರು. “ಅಳಿಯಂದ್ರೇ, ಹಿಡೀರಿ ನೋಡಣ” ಎಂದು ಯಾರೋ ಕೂಗಿದರು. ಅವನೂ ಪಂಚೆ ಎತ್ತಿ ಕಟ್ಟಿ ಓಡಿದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಾನೂ ನಕ್ಕೆ, ದೇವರಾಣೆ ನಾನೂ ನಕ್ಕೆ.

ಕರು ಸಿಕ್ಕಿತು. ಅದರ ಹಿಂದೆ ಬಂದವನ ನಡಿಗೆ ನೋಡಿ ನನ್ನ ನಗೆ ನಿಂತಿತು. ಮೈಯೆಲ್ಲ ಬೆವರು, ಕೈ ನಡುಕ. ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಏನೋ ಹೇಳಲು ಹೋಗಿ ನಾಲಿಗೆ ತೊದಲಿದ. ಶುಗರ್ ಇಳಿದಿತ್ತು. ಅಂಥ ಹೊತ್ತಿಗೆಂದು ಅವನ ಪ್ಯಾಂಟಿನ ಕಿಸೆಯಲ್ಲಿ ಯಾವಾಗಲೂ ಚಾಕಲೇಟು ಇರುತ್ತಿತ್ತು. ಅಂದು ಮಾವ ಕೊಟ್ಟ ಪಂಚೆ — ಪಂಚೆಗೆಲ್ಲಿಯ ಕಿಸೆ?

“ಓಡಿ ಉಬ್ಬಸ ಬಂತು” ಎಂದು ಜನ ಸೇರಿದರು. ಗಾಳಿ ಬಿಡಿ, ಗಾಳಿ ಬಿಡಿ ಎಂದರು. ಅಷ್ಟರಲ್ಲಿ ವಿನುತಾ ಒಳಗಿನಿಂದ ಪಫ್, ಗುಂಡಿನ ಡಬ್ಬಿ ಹಿಡಿದು ಓಡಿ ಬಂದಳು. ಅವಳ ಮುಖದಲ್ಲಿ ಗಾಬರಿ ಇತ್ತು, ಅದರ ಜೊತೆಗೆ... ಹೇಗೆ ಹೇಳಲಿ, ಒಂದು ಹೆಮ್ಮೆಯೂ ಇತ್ತು. ಗಂಡನಿಗೆ ಬೇಕಾದದ್ದು ತನಗೆ ಗೊತ್ತಿದೆ ಎನ್ನುವ ಹೆಮ್ಮೆ. ಗುಂಡು ಹಾಕಿ, ಮುಚ್ಚಿ, ಅವನ ಬಾಯಿಗಿಟ್ಟು, “ಎಳ್ಕೊಳ್ಳಿ, ಜೋರಾಗಿ ಎಳ್ಕೊಳ್ಳಿ” ಎಂದಳು. ಅವನಿಗೆ ಬುದ್ಧಿ ಆಗಲೇ ಮಂಕಾಗಿತ್ತು. ಅಭ್ಯಾಸಬಲದಿಂದ ಎಳೆದುಕೊಂಡ.

ನಾನು ಬಾಯಿ ತೆರೆದೆ. ನಿಜ, ತೆರೆದೆ. ಸುತ್ತ ಅಷ್ಟು ಜನ. ಎಲ್ಲರೆದುರು ‘ಅದು ಶುಗರ್ ಔಷಧ’ ಎಂದರೆ... ಮಾವನ ಮುಖ, ಚಿಕ್ಕಮ್ಮನ ಮುಖ, ನಾಳೆ ಊರಿನ ಮಾತು. ಒಂದು ಗುಂಡು ತಾನೇ, ಮೆಲ್ಲಗೆ ಸಕ್ಕರೆ ತಿನ್ನಿಸಿದರೆ ಸರಿಹೋಗುತ್ತದೆ ಎಂದುಕೊಂಡು ಅಡುಗೆಮನೆಗೆ ಓಡಿದೆ. ಸಕ್ಕರೆ ಡಬ್ಬಿ ಯಾವುದೆಂದು ಹುಡುಕಿ ತರುವಷ್ಟರಲ್ಲಿ ಅವಳು ಎರಡನೆಯದನ್ನೂ ಕೊಟ್ಟಿದ್ದಳು. ಮೊದಲನೆಯದರಿಂದ ಕಡಿಮೆಯಾಗಲಿಲ್ಲವಲ್ಲ, ಪಾಪ, ಅದಕ್ಕೆ. ನಾನು ಸಕ್ಕರೆ ಹಿಡಿದು ಹೋದಾಗ ಅವನಿಗೆ ಹಲ್ಲು ಕಚ್ಚಿಕೊಂಡಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಅವನಿಗೆ ಫಿಟ್ಸ್ ಬಂತು. ವಿನುತಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಪಫ್ ಕೊಟ್ಟಿದೀನಲ್ಲ, ಈಗ ಸರಿಯಾಗುತ್ತೆ, ಈಗ ಸರಿಯಾಗುತ್ತೆ” ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ಅದನ್ನೂ ಕೇಳಿಸಿಕೊಂಡೆ. ಆಸ್ಪತ್ರೆಯ ಒಳಬಾಗಿಲಲ್ಲಿ ಡಾಕ್ಟರನ್ನು ಒತ್ತಟ್ಟಿಗೆ ಕರೆದು, ಕಿವಿಯಲ್ಲಿ ಎನ್ನುವಂತೆ, ಅದು ಇನ್ಸುಲಿನ್ ಎಂದು ಹೇಳಿದೆ. ಗ್ಲುಕೋಸ್ ಏರಿಸಿದರು. ಸುಧಾಕರ ಬದುಕಿದ.

ಇಲ್ಲಿಗೆ ಮುಗಿದಿದ್ದರೆ ನಾನು ಬರೀ ಸುಳ್ಳಿಯಾಗಿ ಉಳಿಯುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಹೊರಗೆ ವರಾಂಡಕ್ಕೆ ಬಂದರು. ಹಬ್ಬದ ಬಟ್ಟೆಯಲ್ಲೇ ಎಲ್ಲರೂ ನಿಂತಿದ್ದೆವು. “ಜೀವಕ್ಕೆ ಅಪಾಯ ಇಲ್ಲ. ಆದ್ರೆ ಶುಗರ್ ಇಳಿದಿರೋ ಮನುಷ್ಯನಿಗೆ ಮೇಲಿಂದ ಮೇಲೆ ಇನ್ಸುಲಿನ್ ಕೊಟ್ಟಿದ್ದು ಯಾರ್ರೀ?” ಎಂದರು.

ಎಲ್ಲರೂ ವಿನುತಾಳತ್ತ ತಿರುಗಿದರು. ಅವಳು ನನ್ನತ್ತ ತಿರುಗಿದಳು. “ಇನ್ಸುಲಿನ್ನಾ? ಅದು ಉಬ್ಬಸದ್ದಲ್ವಾ ಅಕ್ಕ?”

ಅವಳ ಪ್ರಶ್ನೆಯಲ್ಲಿ ಆರೋಪವೇ ಇರಲಿಲ್ಲ. ನಾನು ಬಿಡಿಸಿ ಹೇಳುತ್ತೇನೆ, ಎಲ್ಲ ತಿಳಿಯಾಗುತ್ತದೆ ಎಂಬ ನಂಬಿಕೆ ಇತ್ತು, ಅಷ್ಟೇ. ನಾನು ಹೇಳಿದ ಮಾತು ಇದು. ಒಂದಕ್ಷರ ಆಚೀಚೆ ಮಾಡದೆ ಬರೆಯುತ್ತೇನೆ.

“ನಿಂಗೆ ಮದ್ವೆಗೆ ಮುಂಚೆನೇ ಹೇಳಿದ್ನಲ್ಲೇ ವಿನುತಾ, ಶುಗರ್ ಅಂತ. ಅಪ್ಪಯ್ಯಂಗೆ ಹೇಳ್ಬೇಡಿ, ಗೊತ್ತಾದ್ರೆ ಬೇಡ ಅಂತಾರೆ ಅಂತ ನೀನೇ ಅಲ್ವಾ ಅಂದಿದ್ದು?”

ಎಲ್ಲಿಂದ ಬಂತು ಆ ಮಾತು? ಮೊದಲೇ ಯೋಚಿಸಿದ್ದಲ್ಲ. ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿದ್ದ ಹಾಗೆ ಬಂತು. ವಿನುತಾಳ ಅಪ್ಪ, “ಹೌದನೇ?” ಎಂದು ಕೇಳಿದರು. “ಇಲ್ಲ ಅಪ್ಪಯ್ಯ. ಅಕ್ಕ ಸುಳ್ಳು ಹೇಳ್ತಿದಾರೆ” ಎಂದಳು. ಅವಳ ಧ್ವನಿ ನಡುಗುತ್ತಿತ್ತು, ನನ್ನದು ನಡುಗುತ್ತಿರಲಿಲ್ಲ. ನಾನು ಅಲ್ಲಿಗೂ ಬಿಡಲಿಲ್ಲ. ಹತ್ತಿರ ಹೋಗಿ ಅವಳ ಬೆನ್ನು ಸವರಿ, “ಹೋಗ್ಲಿ ಬಿಡಿ, ಚಿಕ್ಕೋಳು. ಗಾಬರೀಲಿ ಆಗ್ಹೋಯ್ತು” ಎಂದು ಕ್ಷಮಿಸಿದೆ! ಎಂಥಾ ದೊಡ್ಡ ಮನಸ್ಸು ಎಂದು ಅವಳ ಚಿಕ್ಕಮ್ಮನೇ ಕಣ್ಣೊರೆಸಿಕೊಂಡರು. ಆ ತಂದೆ ಒಮ್ಮೆ ಮಗಳನ್ನು, ಒಮ್ಮೆ ನನ್ನನ್ನು ನೋಡಿದರು. ತನ್ನ ಹತ್ತಿರ ಮಗಳು ಒಂದು ಮಾತೂ ಮುಚ್ಚಿಡುವುದಿಲ್ಲ ಎಂದಿದ್ದ ಮನುಷ್ಯ. ತಲೆ ತಗ್ಗಿಸಿ ಹೊರಗೆ ಹೋದರು.

ಮರುದಿನ ಸುಧಾಕರನಿಗೆ ಪೂರ್ತಿ ಎಚ್ಚರವಾಗಿತ್ತು. ವಿನುತಾ ಅವನ ಮಂಚದ ಹತ್ತಿರ ನಿಂತು, “ನೀವು ಹೇಳಿ. ನಂಗೆ ಗೊತ್ತಿತ್ತಾ?” ಎಂದಳು. ಅವನು ನನ್ನ ಮುಖ ನೋಡಿದ. ಗೋಡೆ ನೋಡಿದ. “ಅಕ್ಕ ಹೇಳಿರ್ಬೇಕಲ್ಲ” ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದವಳು ಮತ್ತೆ ರಿಪ್ಪನ್‌ಪೇಟೆಯ ಮನೆಗೆ ಬರಲಿಲ್ಲ. ಗಂಡನ ಮನೆಯವಳು ಮೋಸ ಮಾಡಿದರೆ ಒಂದು, ಕಟ್ಟಿಕೊಂಡವನೂ ಕೈಬಿಟ್ಟರೆ... ಕರೆಯಲು ನಾವೂ ಹೋಗಲಿಲ್ಲ. ಕಾಗದದ ಮೇಲೆ ಬಿಡುಗಡೆಯಾಯಿತು. ‘ಶುಗರ್ ಇದೆ ಅಂತ ಗೊತ್ತಿದ್ದೂ ಕೊಟ್ಟಳಂತೆ’ ಎಂದು ಶುರುವಾದ ಮಾತು, ‘ಗಂಡ ಬೇಡವಾಗಿತ್ತಂತೆ, ಅದಕ್ಕೇ ಕೊಟ್ಟಳಂತೆ’ ಎನ್ನುವವರೆಗೆ ಬೆಳೆಯಿತು. ಆ ಎರಡನೆಯದನ್ನು ನಾನು ಹೇಳಲಿಲ್ಲ. ಹೇಳಿದವರನ್ನು ತಡೆಯಲೂ ಇಲ್ಲ. ಸುಧಾಕರ ಮತ್ತೆ ಸೂಜಿಗೇ ಹೋದ. ಈಗ ಅಂಗಡಿಯ ಗಿರಾಕಿಗಳ ಎದುರೇ ಅಂಗಿ ಎತ್ತಿ ಚುಚ್ಚಿಕೊಳ್ಳುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಇಷ್ಟಕ್ಕೇ ಆಗಿತ್ತು ನಮ್ಮ ಹೆದರಿಕೆಯೆಲ್ಲ.

ಎರಡು ವರ್ಷ ನಾನು ಉಂಡೆ, ಮಲಗಿದೆ, ಹೊಲಿದೆ. ನಿದ್ದೆಗೆಟ್ಟೆ ಎಂದು ಹೇಳಿದರೆ ಅದೂ ಒಂದು ಸುಳ್ಳಾದೀತು. ಕಳೆದ ತಿಂಗಳು ಒಬ್ಬಾಕೆ ಬ್ಲೌಸಿನ ಬಟ್ಟೆ ಹಿಡಿದು ಬಂದರು. ಅಳತೆ ತೆಗೆಯುವಾಗ ತಗ್ಗಿದ ಧ್ವನಿಯಲ್ಲಿ, “ನಮ್ಮಣ್ಣನ ಮಗನಿಗೆ ತೀರ್ಥಹಳ್ಳಿ ಕಡೆ ಹುಡ್ಗಿ ನೋಡ್ತಿದಾರೆ. ಮೊದ್ಲು ನಿಮ್ಮನೇಲಿದ್ದೋಳಂತೆ. ಗಂಡಂಗೆ ಎಂತದೋ ಕೊಟ್ಟಿದ್ಲು ಅಂತಾರಲ್ಲ, ಹೌದಾ?” ಎಂದು ಕೇಳಿದರು. ಟೇಪು ನನ್ನ ಕೈಯಲ್ಲೇ ನಿಂತಿತು. “ಇಲ್ಲ, ಅವಳದ್ದೇನೂ ತಪ್ಪಿಲ್ಲ” ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಆಕೆ ನನ್ನ ಕೈ ಹಿಡಿದು, “ಅಷ್ಟಾದ್ರೂ ಅವಳನ್ನ ಬಿಟ್ಕೊಡಲ್ಲ ನೋಡಿ, ನಿಮ್ದು ದೊಡ್ಡ ಮನಸ್ಸು” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಹೊಗಳಿಕೆಗೆ ನನ್ನ ಮೈ ಉರಿದುಹೋಯಿತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ಭಾನುವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ರಿಪ್ಪನ್‌ಪೇಟೆಯಲ್ಲಿ ಇಳಿದು ಸುಧಾಕರನ ಅಂಗಡಿಗೆ ಹೋಗಿ, “ವಿನುತಾ ಮನೆಗೆ ಹೋಗ್ತಿದೀನಿ, ನಿಜ ಹೇಳೋಕೆ. ಬರ್ತೀಯಾ?” ಎಂದೆ. ಅವನು ಬಿಚ್ಚಿಟ್ಟ ಮೋಟರಿನಿಂದ ತಲೆ ಎತ್ತಲಿಲ್ಲ. “ನೀನು ಹೋಗಕ್ಕ” ಎಂದ. ನಾನು ಸಾಕಿದ ಹುಡುಗ. ನಾನು ಕಲಿಸಿದ್ದನ್ನೇ ಕಲಿತಿದ್ದಾನೆ.

ವಿನುತಾ ಅಂಗಳದಲ್ಲಿ ಬಟ್ಟೆ ಹರಡುತ್ತಿದ್ದಳು. ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆಂದು ಕೇಳಿದ್ದೆ. ಸೊರಗಿರಲಿಲ್ಲ, ಆದರೆ ಮುಖದ ಮೇಲಿನ ಆ ತುಂಟತನ ಎಲ್ಲೂ ಕಾಣಲಿಲ್ಲ. ನನ್ನನ್ನು ನೋಡಿ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ನಾನು ಶುರು ಮಾಡಿದೆ. “ವಿನುತಾ, ನಿಂಗೆ ನಾನು ಯಾವತ್ತೂ ಹೇಳಿರ್ಲಿಲ್ಲ...”

ಅವಳು ತಡೆದಳು. “ಅದು ನಂಗೆ ಗೊತ್ತಲ್ಲ. ನನ್ನತ್ರ ಯಾಕೆ ಹೇಳ್ತೀರಿ? ಅಪ್ಪಯ್ಯಂಗೆ ಹೇಳಿ.”

ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡು, “ನಾನು ಬಡಿಸಿದ್ದು ಉಣ್ತಾರೆ. ಬೇಕು ಬೇಡ ಅಂತಾರೆ. ಅಷ್ಟು ಬಿಟ್ರೆ ಎರಡು ವರ್ಷದಿಂದ ನನ್ನತ್ರ ಒಂದು ಮಾತಿಲ್ಲ” ಎಂದಳು. ಮದುವೆಯ ವಿಚಾರಣೆಗೆ ಬಂದವರ ವಿಷಯ ಎತ್ತಿದೆ. “ಆ ಸಂಬಂಧ ಆದ್ರೂ ಅಷ್ಟೇ, ಹೋದ್ರೂ ಅಷ್ಟೇ” ಎಂದು ಕೊನೆಯ ಬಟ್ಟೆ ಕೊಡವಿ ಹಾಕಿದಳು.

ಅವಳ ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಿದ್ದರು. ಎದುರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು ಏಳೆಂಟು ಜನ ಇದ್ದರು. ನಾನು ಅವರ ಪಕ್ಕಕ್ಕೆ ಹೋಗಿ ಬಗ್ಗಿ, ಮೆಲ್ಲಗೆ ಹೇಳತೊಡಗಿದೆ. ಅವರು ಕಿವಿಗೆ ಕೈ ಹಚ್ಚಿ, “ಎಂತ?” ಎಂದರು.

ವಿನುತಾ ಹಿಂದಿನಿಂದ ಹೇಳಿದಳು. “ಜೋರಾಗಿ ಹೇಳಿ. ಅಪ್ಪಯ್ಯಂಗೆ ಈಗ ಕಿವಿ ಸರಿ ಕೇಳಲ್ಲ.”

ನೆಟ್ಟಗೆ ನಿಂತುಕೊಂಡೆ. ನಿಲ್ದಾಣದವರು ಆಗಲೇ ಇತ್ತ ನೋಡುತ್ತಿದ್ದರು. “ವಿನುತಾಗೆ ನಾನು ಹೇಳಿರ್ಲಿಲ್ಲ! ಅವಳಿಗೆ ಗೊತ್ತಿರ್ಲಿಲ್ಲ! ಉಬ್ಬಸದ ಔಷಧ ಅಂತ ಅವಳಿಗೆ ಹೇಳಿದ್ದು ನಾನು! ಆಸ್ಪತ್ರೇಲಿ ನಾನು ಹೇಳಿದ್ದೆಲ್ಲ ಸುಳ್ಳು!” ಎಂದು ಕೂಗಿದೆ. ಅವರು ಇನ್ನೊಮ್ಮೆ ಹೇಳುವಂತೆ ಕೈ ಮಾಡಿದರು. ಇನ್ನೊಮ್ಮೆ ಕೂಗಿದೆ.

ಅವರು ಬೈಯಲಿಲ್ಲ. ಬೈದಾರು ಎಂಬ ಆಸೆಯಿಂದ ಕಾದೆ. ಮಗಳತ್ತ ತಿರುಗಿ, “ನೀನು ಅವತ್ತೇ ಹೇಳಿದ್ಯಲ್ಲ ಮಗಾ, ಇಲ್ಲ ಅಂತ” ಎಂದರು. ವಿನುತಾ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅವಳು ಹೋದ ಬಾಗಿಲನ್ನೇ ನೋಡುತ್ತ ಆ ಮುದುಕ ನನ್ನನ್ನು ಕೇಳಿದರು. “ಎರಡು ವರ್ಷ ನಿಮ್ಮ ಮಾತು ನಂಬಿ ಕೂತೆ. ಈಗ ಹೋಗಿ ಇವಳ ಹತ್ರ ಎಂತ ಅಂತ ಮಾತಾಡ್ಲಿ?”

ನನ್ನ ಮೋಸ ಅವಳಿಗೆ ಅಂದೇ ಗೊತ್ತಿತ್ತು. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಅವಳು ನುಂಗಲಾರದೆ ಹೋದದ್ದು, ಹೊರಗಿನವಳಾದ ನನ್ನನ್ನು ಅಪ್ಪ ನಂಬಿ ಅವಳನ್ನು ನಂಬಲಿಲ್ಲವಲ್ಲ, ಅದು. ಅದನ್ನು ಸರಿಮಾಡುವ ಮಾತು ನನ್ನ ಹತ್ತಿರ ಇಲ್ಲ. ನಾನು ಕೈ ಮುಗಿದೆ. ಅವರು ನೋಡಲಿಲ್ಲ. ಅಂಗಳ ದಾಟಿ, ರಸ್ತೆ ದಾಟಿ, ನನ್ನ ಕೂಗು ಕೇಳಿದ್ದ ಆ ಜನರ ನಡುವೆಯೇ ಹೋಗಿ ಬಸ್ಸಿಗೆ ನಿಂತೆ. ಒಬ್ಬ ಹೆಂಗಸು ಸ್ವಲ್ಪ ಸರಿದು ನಿಂತಳು. ತಂದೆ ಒಳಗೆ ಹೋಗಿ ಮಗಳನ್ನು ಮಾತಾಡಿಸುವ ಧ್ವನಿ ಕೇಳೀತೇ ಎಂದು ಬಸ್ಸು ಬರುವ ತನಕ ಆ ಮನೆಯ ಕಡೆಗೇ ಕಿವಿ ಇಟ್ಟಿದ್ದೆ. ಕೇಳಲಿಲ್ಲ.